ಶೆಡ್ಡಿನೊಳಗೆ ನಾನು ಬಿರುಗಾಳಿ ಎಬ್ಬಿಸಿದ ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ, ಆ ಪ್ಯಾಂಟು ನನ್ನದು. ನೀಲಿ ಜೀನ್ಸ್, ಮೊಣಕಾಲಿನ ಹತ್ತಿರ ಕಂಪನಿಯವನೇ ಹರಿದು ಕೊಟ್ಟದ್ದು. ಮೇಗುಂದದಿಂದ ಕೊಪ್ಪಕ್ಕೆ ಬೈಕಿನಲ್ಲಿ ಬರುವಷ್ಟರಲ್ಲಿ ರೇನ್‌ಕೋಟಿನ ಹೊರಗೂ ಒಳಗೂ ಒಂದೇ ಮಳೆ. ಬಂದವನು ಪ್ಯಾಂಟು ಬಿಚ್ಚಿ, ಅಲ್ಲಿ ಬಿಸಿಯಾಗುತ್ತಿದ್ದ ದೊಡ್ಡ ತಗಡಿನ ಪೆಟ್ಟಿಗೆಯ ಹಿಂಬಾಗಿಲು ತೆಗೆದು, ಒಳಗಿನ ಸರಳಿಗೆ ನೇತುಹಾಕಿ, ಯಾರದೋ ಲುಂಗಿ ಸುತ್ತಿಕೊಂಡು ಲ್ಯಾಪ್‌ಟಾಪ್ ಮುಂದೆ ಕುಳಿತೆ. ಕುಳಿತವನು ಆ ಪೆಟ್ಟಿಗೆಯ ಶಾಖ ಎಲ್ಲಿ ಸೋರಿಹೋಗುತ್ತಿದೆ ಎಂದು ಭಾವೀ ಎಂಜಿನಿಯರನ ಗಾಂಭೀರ್ಯದಲ್ಲಿ ಲೆಕ್ಕ ಹಾಕಿದೆ. ನನ್ನ ಲೆಕ್ಕ ತಪ್ಪಿದ್ದಕ್ಕೆ ಅಷ್ಟೇನೂ ಬೇಸರವಿಲ್ಲ. ನನ್ನ ಲೆಕ್ಕಗಳು ತಪ್ಪುವುದು ನನಗೆ ಅಭ್ಯಾಸ. ಪಕ್ಕದಲ್ಲಿ ಕುಳಿತಿದ್ದವಳ ಲೆಕ್ಕ ಸರಿಯಾಯಿತಲ್ಲ, ಅದನ್ನು ಇವತ್ತಿಗೂ ತಡೆಯಲಾಗುವುದಿಲ್ಲ.

ಇದೆಲ್ಲ ನೆನಪಾದದ್ದು ಕಳೆದ ವಾರ, ಶೃಂಗೇರಿಯಿಂದ ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ. ಮುಂದಿನ ಸೀಟಿನ ಹೆಂಗಸೊಬ್ಬರ ಕಾಲ ಬಳಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅದರ ಬಾಯಿ ಸಡಿಲವಾದದ್ದೇ ಬಸ್ಸಿನ ತುಂಬ ಒಂದು ಹುಳಿ ವಾಸನೆ ಎದ್ದಿತು. ಮೂಗಿಗೆ ಬಡಿದರೆ ನಾಲಿಗೆಯ ಬುಡದಲ್ಲಿ ನೀರೂರುತ್ತದೆ, ಅಂಥ ವಾಸನೆ. ಒಣಗಿದ ಉಪ್ಪಾಗೆ ಸಿಪ್ಪೆ. ಕಾಡಿನಂಚಿನ ಮರಗಳಲ್ಲಿ, ಮಳೆ ಜೋರಾಗಿರುವಾಗಲೇ ಹಣ್ಣಾಗುವ ಕಾಯಿ ಅದು; ನೋಡಲಿಕ್ಕೆ ಮುಷ್ಟಿಗಾತ್ರದ ಹಳದಿ ಕುಂಬಳ. ಅದರ ಸಿಪ್ಪೆಯನ್ನು ಒಣಗಿಸಿ ಮಾರುತ್ತಾರೆ. ದೇವರು ಈ ಹಣ್ಣಿಗೆ ಆರಿಸಿಕೊಟ್ಟ ಕಾಲ ಎಂಥದು ನೋಡಿ: ಬಟ್ಟೆಯೇ ಒಣಗದ ತಿಂಗಳುಗಳಲ್ಲಿ ಇದು ಒಣಗಬೇಕು.

ಈಗ ನಾನು ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿದ್ದೇನೆ. ಕರಗಿದ ಕಬ್ಬಿಣ ಅಚ್ಚಿನೊಳಗೆ ಎಲ್ಲಿ ಮೊದಲು ಆರುತ್ತದೆ, ಎಲ್ಲಿ ಕೊನೆಗೆ ಆರುತ್ತದೆ ಎಂದು ಕಂಪ್ಯೂಟರಿನಲ್ಲಿ ಮುಂಚೆಯೇ ನೋಡಿ ಹೇಳುವುದು ನನ್ನ ಕೆಲಸ. ಆ ಕೆಲಸದ ಓನಾಮ ತಿದ್ದಿದ್ದು ಕೊಪ್ಪದ ಸುರೇಂದ್ರಣ್ಣನ ವರ್ಕ್‌ಶಾಪಿನಲ್ಲಿ, ಆ ಒಂದು ಮಳೆಗಾಲದಲ್ಲಿ, ರಕ್ಷಿತಾಳ ಪಕ್ಕ.

ಫೈನಲ್ ಇಯರ್ ಶುರುವಾಗುವ ಮೊದಲು ಎಲ್ಲಾದರೂ ಕೆಲಸ ಕಲಿತು ಬನ್ನಿ ಎಂದು ಕಾಲೇಜಿನವರು ನಮ್ಮನ್ನು ಅಟ್ಟಿದ್ದರು. ನನಗೆ ಸುರೇಂದ್ರಣ್ಣನ ವರ್ಕ್‌ಶಾಪ್ ಸಿಕ್ಕಿತು. ಗೇಟು, ಗ್ರಿಲ್ಲು, ಟ್ಯಾಂಕಿನ ಸ್ಟ್ಯಾಂಡು, ಯಾರಾದರೂ ಕೇಳಿದರೆ ಡ್ರೈಯರು, ಇಷ್ಟು ಅಲ್ಲಿ ಆಗುತ್ತಿದ್ದವು. ಮೊದಲ ದಿನ ಲ್ಯಾಪ್‌ಟಾಪ್ ಹೊತ್ತು ರಾಜನ ಹಾಗೆ ಒಳಗೆ ಹೋದರೆ, ಅಲ್ಲಿ ಆಗಲೇ ನಮ್ಮದೇ ಕ್ಲಾಸಿನ ರಕ್ಷಿತಾ ಕುಳಿತಿದ್ದಳು. ಎನ್.ಆರ್. ಪುರದ ಹುಡುಗಿ, ಲೈನ್‌ಮ್ಯಾನ್ ಮಗಳು, ದಿನಾ ಮೊದಲ ಬಸ್ಸಿಗೆ ಬರುವವಳು. ಕ್ಲಾಸಿನಲ್ಲಿ ಮೂರು ವರ್ಷ ಅವಳ ಹಿಂದಿನ ಬೆಂಚಿನಲ್ಲಿ ಕುಳಿತು ಅವಳ ಧ್ವನಿ ಅನುಕರಿಸಿ ನಗಿಸಿದ್ದೆ. "ಸಾರ್, ಒಂದ್ ನಿಮಿಷ, ಆ ಸ್ಟೆಪ್ ಹೇಗೆ ಬಂತು?" ಎಂದು ಹಣೆಯ ಮೇಲಿನ ಕೂದಲನ್ನು ಉಫ್ ಎಂದು ಊದುತ್ತಾ ಕೇಳುತ್ತಿದ್ದಳು. ಆ ಉಫ್ ನನ್ನ ಜನಪ್ರಿಯ ಐಟಂ. ಅವಳನ್ನು ಇಷ್ಟು ಸಲ ನಕಲು ಮಾಡಿದ್ದೆ, ಅವಳ ಮಾರ್ಕ್ಸ್ ಒಂದು ಸಲವೂ ನಕಲಾಗಿ ಬರಲಿಲ್ಲ.

ಕೆಲಸ ಸಿಕ್ಕಿದ ವಾರವೇ ಕೆರೆಕಟ್ಟೆಯ ಗಿರಿಜಕ್ಕ ಬಂದರು. ಅಲ್ಲಿನ ಮಹಿಳಾ ಸಂಘ ನಡೆಸುವವರು. ಪಿಕಪ್ ಮೇಲೆ ಒಂದು ದೊಡ್ಡ ತಗಡಿನ ಪೆಟ್ಟಿಗೆ ಕಟ್ಟಿಸಿಕೊಂಡು ಬಂದಿದ್ದರು. ಹಿಂದಿನ ವರ್ಷ ಉಪ್ಪಾಗೆ ಒಣಗಿಸಲಿಕ್ಕೆಂದು ಎಲ್ಲಿಂದಲೋ ತರಿಸಿದ ಡ್ರೈಯರು. ಕೆಳಗೆ ಬೆಂಕಿ, ಮೇಲೆ ಒಂದರ ಮೇಲೊಂದು ಟ್ರೇ, ಹಿಂಭಾಗದಲ್ಲಿ ಬಿಸಿಗಾಳಿ ಏರಲು ಕಿರಿದಾದ ಜಾಗ. ಹೊಗೆ ಬೇರೆ ಪೈಪಿನಲ್ಲಿ ಹೋಗುವುದರಿಂದ ಸಿಪ್ಪೆಗೆ ಹೊಗೆ ಹಿಡಿಯದು ಎಂಬುದೊಂದೇ ಅದರ ಗುಣ.

"ಕೆಳಗಿನ ಟ್ರೇದು ಇದ್ದಿಲು, ಮೇಲಿನ ಟ್ರೇದು ಬೂಸ್ಲು. ನಡುವಿನದು ಮಾತ್ರ ಸಿಪ್ಪೆ" ಎಂದರು ಗಿರಿಜಕ್ಕ. "ಹೊಸದು ಮಾಡ್ಕೊಡಿ ಸುರೇಂದ್ರಣ್ಣ. ಕಾಯಿ ಹಳದಿ ಆಗೋದ್ರೊಳಗೆ ಬೇಕು. ಈ ವರ್ಷವೂ ಬೂಸ್ಲು ಬಂತು ಅಂದ್ರೆ ಎಲ್ಲರೂ ಮತ್ತೆ ಅವರವರ ಒಲೆ ಮೇಲಿನ ಅಟ್ಟಕ್ಕೆ ಹಾಕ್ಕೊಳ್ತಾರೆ. ಸಂಘದಲ್ಲಿ ನಾನೂ ಬೋರ್ಡೂ ಉಳೀತೇವೆ, ಅಷ್ಟೆ."

ಸುರೇಂದ್ರಣ್ಣ ಗಂಟಲು ಸರಿಮಾಡಿಕೊಂಡ. ಅವನ ಪ್ರತಿ ಮಾತಿಗೂ ಒಂದು ಕೆಮ್ಮು ಮತ್ತೊಂದು "ಅದೆಂತ ಅಂದ್ರೆ" ಮುಂಗಡ. ಎರಡೂ ಒಂದೇ ದಿನದಲ್ಲಿ ನನಗೆ ಬಾಯಿಪಾಠವಾಗಿದ್ದವು.

"ಅದೆಂತ ಅಂದ್ರೆ, ತಗಡು ಕತ್ತರಿಸಿದ ಮೇಲೆ ತಪ್ಪು ಅಂತ ಗೊತ್ತಾದ್ರೆ ವಾಪಸ್ ಅಂಟಿಸ್ಲಿಕ್ಕೆ ಆಗ್ತದಾ? ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಬೇಕಾದ್ರೂ ತಪ್ಪು ಮಾಡ್ಬಹುದಂತಲ್ಲ, ಅಲ್ಲೇ ಮಾಡಿ ಮುಗ್ಸಿ" ಎಂದು ನಮ್ಮಿಬ್ಬರನ್ನೂ ನೋಡಿದ. "ಮೊದಲು ಈ ಹಳೇ ಪೆಟ್ಟಿಗೆ ಒಳಗೆ ಎಲ್ಲೆಲ್ಲಿ ಎಷ್ಟು ಬಿಸಿ ಅಂತ ಹೇಳಿ. ನಾನು ಬೆಂಕಿ ಹಾಕಿ ಥರ್ಮಾಮೀಟರ್ ಇಟ್ಟು ನೋಡ್ತೇನೆ. ಯಾರ ಲೆಕ್ಕ ಥರ್ಮಾಮೀಟರಿಗೆ ಹತ್ತಿರ ಬರ್ತದೋ, ಅವರ ಹೊಸ ಡಿಸೈನು ನೆಲಕ್ಕೆ."

ನೆಲಕ್ಕೆ ಎಂದರೆ ಬಿಸಾಡುವುದಲ್ಲ, ಅದು ಆ ವರ್ಕ್‌ಶಾಪಿನ ದೊಡ್ಡ ಮರ್ಯಾದೆ. ಹೊಸದೇನನ್ನಾದರೂ ಮಾಡುವ ಮೊದಲು ಸುರೇಂದ್ರಣ್ಣ ಅದನ್ನು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರಾ ಅಳತೆಗೆ ಬರೆಯುತ್ತಿದ್ದ. ಡಿಸೈನು ಯಾರದೋ ಅವರು ಆ ಗೆರೆಗಳೊಳಗೆ ನಿಂತು "ಸರಿ ಉಂಟು" ಎನ್ನಬೇಕು. ಆಮೇಲೇ ತಗಡಿಗೆ ಕತ್ತರಿ. ಆ ಗೆರೆಯೊಳಗೆ ನಿಲ್ಲುವವನು ನಾನೇ ಆಗಬೇಕೆಂದು ಆ ಕ್ಷಣವೇ ತೀರ್ಮಾನಿಸಿದೆ. ಕೆರೆಕಟ್ಟೆಯ ಹೆಂಗಸರ ಸಿಪ್ಪೆ ಒಣಗಲಿ ಎಂದಲ್ಲ. ರಕ್ಷಿತಾ ನಿಲ್ಲಬಾರದು ಎಂದು.

ಶಾಖದ ಲೆಕ್ಕ ಕಂಪ್ಯೂಟರಿನಲ್ಲಿ ಹೇಗೆ ನಡೆಯುತ್ತದೆ ಎಂದು ವೆಲ್ಡರ್ ರಾಜುವಿಗೆ ನಾನು ಅಭಿನಯಿಸಿ ತೋರಿಸಿದ್ದೆ. ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಲಕ್ಷಾಂತರ ಸಣ್ಣ ಚೌಕಗಳಾಗಿ ಕತ್ತರಿಸಬೇಕು. ಪ್ರತಿ ಚೌಕವೂ ಒಬ್ಬ ಮನುಷ್ಯ ಎಂದುಕೊಳ್ಳಿ. ಅವನಿಗೆ ಬೆಂಕಿ ಎಲ್ಲಿದೆ ಗೊತ್ತಿಲ್ಲ, ಇಡೀ ಪೆಟ್ಟಿಗೆ ಹೇಗಿದೆ ಗೊತ್ತಿಲ್ಲ. ಅಕ್ಕಪಕ್ಕದವರನ್ನು ಮಾತ್ರ ಕೇಳುತ್ತಾನೆ. "ಎಂತ ಮಾರಾಯ, ನಿಂಗೆಷ್ಟು?" "ನಂಗೆ ಎಪ್ಪತ್ತು. ನಿಂಗೆ?" "ನಂಗೆ ಐವತ್ತೇ. ಸ್ವಲ್ಪ ಈ ಕಡೆ ತಳ್ಳು." ತಳ್ಳಿದ ಮೇಲೆ ಮತ್ತೆ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ. ಹೀಗೆ ಕೇಳಿ ಕೇಳಿ ಕೊನೆಗೆ ಯಾರ ಉತ್ತರವೂ ಬದಲಾಗದ ಹಂತ ಬರುತ್ತದೆ. ಆಗ ಲೆಕ್ಕ ಕೂತಿತು ಎಂದರ್ಥ. ರಾಜು ಹೊಟ್ಟೆ ಹಿಡಿದುಕೊಂಡು ನಕ್ಕ.

ರಕ್ಷಿತಾಳೂ ನಕ್ಕಳು. ನಕ್ಕು, "ಗೋಡೆ ಪಕ್ಕದ ಚೌಕವನ್ನ ಬಿಟ್ಯಲ್ಲ. ಅವನಿಗೆ ಒಂದು ಕಡೆ ನೆಂಟ್ರೇ ಇಲ್ಲ, ತಗಡು. ಅವನಿಗೆ ನಾವೇ ಹೇಳ್ಕೊಡ್ಬೇಕು, ಹೊರಗೆ ಎಷ್ಟು ಚಳಿ, ಎಷ್ಟು ಗಾಳಿ ಅಂತ. ಅಲ್ಲಿ ಸುಳ್ಳು ಹೇಳಿದ್ರೆ ಒಳಗಿನವರೆಲ್ಲ ಸುಳ್ಳೇ ಹೇಳ್ತಾರೆ" ಎಂದಳು.

ರಾಜು ನಗು ನಿಲ್ಲಿಸಿ ತಲೆ ತೂಗಿದ. ನನ್ನ ಅಭಿನಯಕ್ಕೆ ನಗು, ಅವಳ ಒಂದು ಮಾತಿಗೆ ತಲೆತೂಗು. ಅಲ್ಲಿಂದ ಶುರುವಾಯಿತು.

ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಲಿ! ಸುರೇಂದ್ರಣ್ಣನ ಮನೆ ಶೆಡ್ಡಿನ ಹಿಂದೆಯೇ. ಅವನ ಹೆಂಡತಿ ಶಾರದಕ್ಕ ಮಧ್ಯಾಹ್ನ ಕೊಟ್ಟೆಕಡುಬು ತಂದರೆ ರಕ್ಷಿತಾಳ ತಟ್ಟೆಯಲ್ಲಿ ಬೆಣ್ಣೆ, ನನ್ನ ತಟ್ಟೆಯಲ್ಲಿ ಚಟ್ನಿ. ನಾನು ಪೇಂಟಿನ ಡಬ್ಬಿ ಬೋರಲು ಹಾಕಿ ಕುಳಿತಿದ್ದರೆ, ರಾಜು ಮಿಕ್ಕ ಪೈಪುಗಳಿಂದ ಅವಳಿಗೊಂದು ಸ್ಟೂಲು ವೆಲ್ಡ್ ಮಾಡಿಕೊಟ್ಟ. "ನಂಗೆ?" ಎಂದರೆ "ನೀನು ಎಲ್ಲಿ ಕೂರ್ತೀಯ ಮಾರಾಯ, ಕುಣೀತಾನೇ ಇರ್ತೀಯಲ್ಲ" ಎಂದ. ಮನೆಗೆ ಹೋದರೆ ನಮ್ಮಮ್ಮ ಕೂಡ ಹಲಸಿನ ಹಪ್ಪಳದ ಕಟ್ಟು ಕೊಟ್ಟು, "ಆ ಕೂಸಿಗೆ ಕೊಡು, ಪಾಪ ಬಸ್ಸಿನಲ್ಲಿ ಬತ್ತಂತೆ" ಎಂದರು. ನಾನು ಅದೇ ಮಳೆಯಲ್ಲಿ ಬೈಕಿನಲ್ಲಿ ಹೋಗುವವನು, ನನಗೆ ಪಾಪ ಇಲ್ಲ. ಆ ಹಪ್ಪಳದಲ್ಲಿ ಅರ್ಧ ದಾರಿಯಲ್ಲೇ ಖಾಲಿಯಾಯಿತು. ಹಸಿಹಪ್ಪಳ ತಿಂದರೂ ಹೊಟ್ಟೆಕಿಚ್ಚು ಆರುವುದಿಲ್ಲ ಎಂಬುದು ನನ್ನ ಸ್ವಂತ ಸಂಶೋಧನೆ.

ನೀವು ಅಂದುಕೊಂಡಂತೆ ಎಲ್ಲರೂ ಅಂದುಕೊಂಡರು. ರಾಜು ಕಣ್ಣು ಮಿಟುಕಿಸಿ ಕೇಳಿಯೂಬಿಟ್ಟ. ಪ್ರೀತಿಯಾಗಿದ್ದರೆ ಸುಲಭವಿತ್ತು, ಒಪ್ಪಿದರೆ ಒಪ್ಪಿದಳು, ಬಿಟ್ಟರೆ ಬಿಟ್ಟಳು. ಇದು ಹಾಗಲ್ಲ. ಅವಳ ಸ್ಕ್ರೀನಿನ ಮೇಲೆ ನನಗೆ ಕಣ್ಣು. ನನ್ನ ಲ್ಯಾಪ್‌ಟಾಪ್ ಹೊಸದು, ಅಪ್ಪ ಕೊಡಿಸಿದ್ದು, ಓಡಿದರೆ ಫ್ಯಾನು ವಿಮಾನದ ಹಾಗೆ ಮೊರೆಯುತ್ತಿತ್ತು. ಅವಳದು ಅಣ್ಣನ ಹಳೆಯದು, ಎರಡು ಕೀ ಎದ್ದುಹೋಗಿದ್ದವು. ಆದರೆ ಬಂದವರೆಲ್ಲ ಅವಳ ಸ್ಕ್ರೀನಿನ ಮುಂದೆಯೇ ನಿಲ್ಲುತ್ತಿದ್ದರು. ಬೆಂಕಿಯ ಬಳಿ ಕೆಂಪು, ಮೇಲೇರುತ್ತಾ ಕಿತ್ತಳೆ, ಹಳದಿ, ಮೂಲೆಗಳಲ್ಲಿ ಹಸಿರು. ಗೇಟು ಮಾಡಿಸಲು ಬಂದವರು ಕೂಡ ಗೇಟಿನ ವಿಷಯ ಮರೆತು, "ಇದೆಂತ ಚಂದ!" ಎನ್ನುತ್ತಿದ್ದರು. ನನ್ನದೂ ಅದೇ ಕೆಂಪು, ಅದೇ ಹಳದಿ. ಆದರೆ ನನ್ನ ಚೌಕಗಳು ದಪ್ಪ. ಅವಳು ಗೋಡೆಯ ಬಳಿ ಚೌಕಗಳನ್ನು ಎಳೆ ಎಳೆಯಾಗಿ ತೆಳುಮಾಡಿದ್ದಳು. ಅವಳು ಕೈತೊಳೆಯಲು ಹೋದಾಗ ಆ ಸಂಖ್ಯೆಗಳನ್ನು ಇಣುಕಿ ನೋಡಿ ನನ್ನದಕ್ಕೂ ಹಾಕಿದೆ. ನನ್ನ ಕಂಪ್ಯೂಟರು ಏನೇನೋ ಗುಣುಗುಟ್ಟಿ, ಪೆಟ್ಟಿಗೆಯ ಒಂದು ಮೂಲೆ ಸೂರ್ಯನಿಗಿಂತ ಬಿಸಿ ಎಂದು ಹೇಳಿ ಸುಮ್ಮನಾಯಿತು.

ಕರೆಂಟಿನದು ಬೇರೆಯೇ ಕಥೆ. ಆ ಮಳೆಗೆ ಎಲ್ಲಾದರೊಂದು ಕಡೆ ಮರ ಬೀಳದ ದಿನವಿರಲಿಲ್ಲ. ಕರೆಂಟು ಹೋದರೆ ನನ್ನ ವಿಮಾನ ಸ್ವಲ್ಪ ಹೊತ್ತು ಮೊರೆದು ನಂದಿಹೋಗುತ್ತಿತ್ತು, ಜೊತೆಗೆ ಅಷ್ಟು ಹೊತ್ತಿನ ಲೆಕ್ಕವೂ. ಅವಳು ಆಗಾಗ ಉಳಿಸಿಡುತ್ತಿದ್ದವಳು; ಬಿಟ್ಟಲ್ಲಿಂದಲೇ ಶುರು. ಕತ್ತಲಲ್ಲಿ ಕುಳಿತು ಅವಳ ಮೇಲಿನ ಸಿಟ್ಟಿಗೆ ನಾನು ಅವಳ ಅಪ್ಪನ ಧ್ವನಿ ತೆಗೆಯುತ್ತಿದ್ದೆ. ಒಂದು ಸಲ ಶೆಡ್ಡಿಗೆ ಮಗಳನ್ನು ನೋಡಲು ಬಂದಿದ್ದರು, ಅಷ್ಟು ಸಾಕಿತ್ತು. "ಹಲೋ, ಹಲೋ, ಹೌದು ಮಾರಾಯ್ರೆ, ಮರ ಬಿದ್ದದೆ, ಮರ ತೆಗೀದೆ ತಂತಿ ಹ್ಯಾಗೆ ಎಳೀಲಿ?" ಶೆಡ್ಡಿನವರೆಲ್ಲ ನಗುತ್ತಿದ್ದರು. ರಕ್ಷಿತಾ ಎಲ್ಲರಿಗಿಂತ ಜೋರಾಗಿ ನಕ್ಕು, "ಅಪ್ಪ ಎರಡನೇ ಹಲೋಗೆ ಸ್ವಲ್ಪ ದನಿ ಏರ್ಸ್ತಾರೆ, ಹೀಗೆ" ಎಂದು ತೋರಿಸಿದಳು. ನನ್ನ ವಿದ್ಯೆಯಲ್ಲೂ ಅವಳದು ನನಗಿಂತ ಚೆನ್ನಾಗಿತ್ತು. ಆ ದಿನ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಯಾರೂ ಅದನ್ನು ಗಮನಿಸಲೂ ಇಲ್ಲ.

ಬೆಂಕಿ ಹಾಕುವ ದಿನ ಬಂತು. ಬೆಳಿಗ್ಗೆಯೇ ಖಾಲಿ ಪೆಟ್ಟಿಗೆಯ ಕೆಳಗೆ ಸೌದೆ ತುಂಬಿ, ಪ್ರತಿ ಟ್ರೇಯಿಂದಲೂ ಥರ್ಮಾಮೀಟರಿನ ತಂತಿ ಮುಂಬಾಗಿಲಿನ ಸಂದಿಯಿಂದ ಹೊರಗೆ ಎಳೆದು, ಸುರೇಂದ್ರಣ್ಣ ಉದ್ದಕ್ಕೂ ಒಂದೇ ಹದದಲ್ಲಿ ಉರಿ ಕಾದ. ನಾನು ನೆನೆದು ಬಂದು ಮಾಡಿದ್ದೇನೆಂಬುದನ್ನು ಆಗಲೇ ಹೇಳಿದ್ದೇನೆ.

ಇಲ್ಲೊಂದು ವಿಷಯ ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಆಷಾಢ-ಶ್ರಾವಣದಲ್ಲಿ ಎಲ್ಲಾದರೂ ಬಿಸಿ ಕಂಡರೆ ಕೈ ತಾನಾಗಿ ಒದ್ದೆ ಬಟ್ಟೆ ಹುಡುಕುತ್ತದೆ. ಬಚ್ಚಲ ಒಲೆ, ಫ್ರಿಜ್ಜಿನ ಹಿಂಭಾಗ, ಆಗ ತಾನೇ ಬಂದು ನಿಂತ ಬೈಕಿನ ಎಂಜಿನ್ನು, ಯಾವುದನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಟಿವಿಯ ಸೆಟ್‌ಟಾಪ್ ಬಾಕ್ಸಿನ ಮೇಲೆ ಕಾಲುಚೀಲ ಇರುತ್ತಿತ್ತು. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ಮಾಡಿದ್ದು ನೆನಪಿನಲ್ಲೂ ಇರುವುದಿಲ್ಲ. ಸಂಜೆಯ ಹೊತ್ತಿಗೆ ಯಾರಾದರೂ ನನ್ನನ್ನು ಹಿಡಿದು "ಪೆಟ್ಟಿಗೆಯೊಳಗೆ ಏನಾದರೂ ಇಟ್ಟೆಯಾ?" ಎಂದು ಕೇಳಿದ್ದರೆ, ದೇವರಾಣೆ ಇಲ್ಲ ಎನ್ನುತ್ತಿದ್ದೆ. ಲುಂಗಿಯಲ್ಲಿ ನಿಂತುಕೊಂಡೇ ಎನ್ನುತ್ತಿದ್ದೆ.

ಸಂಜೆ ಲೆಕ್ಕ ತಾಳೆ ನೋಡಿದರೆ ಇಬ್ಬರದೂ ತಪ್ಪು. ಕೆಳಗಿನ ಟ್ರೇಗಳ ಬಿಸಿ ಹೊಂದುತ್ತಿತ್ತು. ಮೇಲಿನ ಟ್ರೇಗಳಲ್ಲಿ ಮಾತ್ರ ಥರ್ಮಾಮೀಟರು ನಾವಿಬ್ಬರೂ ಹೇಳಿದ್ದಕ್ಕಿಂತ ಹತ್ತು-ಹನ್ನೆರಡು ಡಿಗ್ರಿ ಕಡಿಮೆ ತೋರಿಸಿತು. ಶಾಖ ಎಲ್ಲೋ ಹೋಗುತ್ತಿದೆ. ಎಲ್ಲಿಗೆ?

ರಕ್ಷಿತಾ ಗಲ್ಲಕ್ಕೆ ಕೈಕೊಟ್ಟು ಕುಳಿತಳು. ನಾನು ಕೂರುವವನಲ್ಲ. ಗೋಡೆ ಪಕ್ಕದ ಆ ನೆಂಟರಿಲ್ಲದ ಚೌಕಕ್ಕೆ ಹೊರಗಿನ ಗಾಳಿ ಎಷ್ಟೆಂದು ನಾವೇ ಹೇಳಿಕೊಡಬೇಕಲ್ಲ, ಆ ಅಂಕಿಯನ್ನು ಸ್ವಲ್ಪ ಏರಿಸಿದೆ. ಗೋಡೆಯಿಂದ ಶಾಖ ಹೆಚ್ಚು ಹೊರಗೆ ಹೋಯಿತು, ಮೇಲಿನ ಟ್ರೇ ಸ್ವಲ್ಪ ತಣಿಯಿತು. ಇನ್ನಷ್ಟು ಏರಿಸಿದೆ. ಇನ್ನಷ್ಟು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಲೆಕ್ಕ ಥರ್ಮಾಮೀಟರಿನ ಪಕ್ಕ ಮದುಮಗನ ಪಕ್ಕ ಮದುಮಗಳ ಹಾಗೆ ನಿಂತಿತ್ತು.

"ಅದೆಂತ ಅಂದ್ರೆ," ಸುರೇಂದ್ರಣ್ಣ ಕನ್ನಡಕ ಏರಿಸಿ ಎರಡೂ ಅಂಕಿ ನೋಡಿದ, "ಇದು ಹತ್ರ ಬಂತಲ್ಲ!"

"ಬಂತಲ್ಲ ಅಲ್ಲ ಸುರೇಂದ್ರಣ್ಣ, ಕೂತ್ಕೊಂಡ್ತು" ಎಂದೆ.

"ನಿಂದೆಂತ ಆಯ್ತು?" ಎಂದು ಅವಳನ್ನು ಕೇಳಿದ.

"ನಂದು ಹಾಗೇ ಇದೆ. ಹೊಂದಿಸ್ಲಿಲ್ಲ. ಒಳಗೆ ಎಂತದೋ ಬಿಸಿ ಕುಡೀತಾ ಇದೆ ಅಂತ ಅನ್ಸ್ತಿದೆ" ಎಂದಳು.

ನಾನು ಬಿಡುತ್ತೇನೆಯೇ! ಹಣೆಯ ಕೂದಲು ಊದಿ, "ಒಂದ್ ನಿಮಿಷ ಸಾರ್, ಒಳಗೆ ಯಾರೋ ಕೂತ್ಕೊಂಡು ಬಿಸಿ ಕುಡೀತಾ ಇದಾರೆ ಸಾರ್, ಒಂದು ಲೋಟ ನಂಗೂ ಕೊಡಿ ಸಾರ್" ಎಂದೆ. ಇಡೀ ಶೆಡ್ಡು ನಕ್ಕಿತು. ಈ ಸಲ ರಕ್ಷಿತಾ ನಗಲಿಲ್ಲ. ಆ ಇಡೀ ಮಳೆಗಾಲದಲ್ಲಿ ನನಗೆ ಅತ್ಯಂತ ರುಚಿಯಾದ ಕ್ಷಣ ಅದು, ಬೆಣ್ಣೆ ಹಾಕಿದ ಕಡುಬಿಗಿಂತ ರುಚಿ.

ನನ್ನ ಡಿಸೈನು ಸರಳ. ಗೋಡೆಯಿಂದ ಶಾಖ ಸೋರುತ್ತಿದೆಯಾದ್ದರಿಂದ ಗೋಡೆಗೆ ದಪ್ಪ ಪದರ ಕಟ್ಟಬೇಕು, ಪೆಟ್ಟಿಗೆಗೊಂದು ಸ್ವೆಟರ್. ಸುರೇಂದ್ರಣ್ಣ ಅಂದೇ ಸೀಮೆಸುಣ್ಣ ತೆಗೆದ. ಗೆರೆಗಳೊಳಗೆ ನಿಂತು ಸೊಂಟಕ್ಕೆ ಕೈಕೊಟ್ಟು "ಸರಿ ಉಂಟು" ಎಂದೆ. ರಾಜುವಿನಿಂದ ಫೋಟೋ ತೆಗೆಸಿ ಸ್ಟೇಟಸ್ ಹಾಕಿದೆ. ಅವಳು ನೋಡಿದಳೋ ಇಲ್ಲವೋ ಎಂದು ಆ ರಾತ್ರಿ ಎಷ್ಟು ಸಲ ತೆರೆದು ನೋಡಿದೆನೋ. ನೋಡಿದ್ದಳು. ಒಂದು ಹೆಬ್ಬೆರಳನ್ನೂ ಹಾಕಿದ್ದಳು. ಸೋತವಳು ಸ್ವಲ್ಪವಾದರೂ ಉರಿಯಬಾರದೇ?

ಮರುದಿನ ಬೆಳಿಗ್ಗೆ ತಗಡಿಗೆ ಕತ್ತರಿ ಬೀಳಬೇಕಿತ್ತು. ನಾನು ಬರುವಾಗ ಹಳೇ ಪೆಟ್ಟಿಗೆಗೆ ಮತ್ತೆ ಬೆಂಕಿ ಹಾಕಿದ್ದರು. ರಕ್ಷಿತಾ ಮೊದಲ ಬಸ್ಸಿಗೆ ಬಂದು ಸುರೇಂದ್ರಣ್ಣನ ಬಳಿ ಇನ್ನೊಂದೇ ಸಲ ಎಂದು ಕೇಳಿಕೊಂಡಿದ್ದಳಂತೆ. ಅವನು ದೇವರ ಫೋಟೋಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಪೆಟ್ಟಿಗೆ ಚೆನ್ನಾಗಿ ಕಾದ ಮೇಲೆ ಅವಳು ದೇವರ ಮುಂದಿನ ಒಂದು ಊದುಬತ್ತಿ ಕಿತ್ತುಕೊಂಡು ನನ್ನ ಹತ್ತಿರ ಬಂದಳು.

"ಗೋಡೆಗೆ ಎಷ್ಟು ಕೊಟ್ಟಿದೀಯ?"

ಅಂಕಿ ಹೇಳಿದೆ.

"ಅಷ್ಟು ಶಾಖ ಹೋಗ್ಬೇಕಾದ್ರೆ ಈ ಶೆಡ್ಡೊಳಗೆ ಬಿರುಗಾಳಿ ಬೀಸ್ತಾ ಇರ್ಬೇಕು ಮಾರಾಯ. ತಗಡು ಹಾರಿಹೋಗೋ ಅಂಥದ್ದು." ಊದುಬತ್ತಿಯನ್ನು ಪೆಟ್ಟಿಗೆಯ ಗೋಡೆಯಿಂದ ಒಂದು ಗೇಣು ದೂರ ಹಿಡಿದಳು. ಹೊರಗೆ ಮಳೆ ಧೋ ಎನ್ನುತ್ತಿತ್ತು. ಮೂರು ಕಡೆ ಗೋಡೆ, ನಾಲ್ಕನೇ ಕಡೆ ಟಾರ್ಪಲ್ಲು ಇಳಿಬಿಟ್ಟ ಶೆಡ್ಡಿನೊಳಗೆ ಊದುಬತ್ತಿಯ ಹೊಗೆ ನೂಲು ಹಿಡಿದಂತೆ ಸೀದಾ ಮೇಲಕ್ಕೆ ಹೋಯಿತು. "ತೋರ್ಸು, ಎಲ್ಲಿ ಬೀಸ್ತಿದೆ?"

ನಾನು ಹೊಗೆಯನ್ನೇ ನೋಡಿದೆ. ಉಸಿರು ಬಿಟ್ಟಾದರೂ ಸ್ವಲ್ಪ ಅಲುಗಿಸೋಣವೆನಿಸಿತು. ಸುರೇಂದ್ರಣ್ಣ, ರಾಜು ಇಬ್ಬರೂ ನೋಡುತ್ತಿದ್ದರು.

"ಹಾಗಾದ್ರೆ ಗೋಡೆಯಿಂದ ಹೋಗ್ತಿಲ್ಲ. ಕೆಳಗಿನ ಟ್ರೇ ಸರಿ ಇದೆ, ಅಂದ್ರೆ ಬೆಂಕಿದೂ ಸರಿ. ಒಳಗೇ ಇದೆ, ಮೇಲೆ, ಹಿಂದುಗಡೆ" ಎಂದು ಹೇಳುತ್ತಲೇ ಪೆಟ್ಟಿಗೆಯ ಹಿಂದೆ ಹೋಗಿ ಆ ಸಣ್ಣ ಬಾಗಿಲು ತೆರೆದಳು.

ಮೊದಲು ಬಂದದ್ದು ರಾಜುವಿನ ಜರ್ಕಿನ್. ಆಮೇಲೆ ಪಕ್ಕದ ಮನೆಯ ಮಕ್ಕಳ ಎರಡು ಯೂನಿಫಾರ್ಮ್ ಚಡ್ಡಿ. ಶಾರದಕ್ಕನ ಒಂದು ಲಂಗ, ಕೂಡಲೇ ಹಿಂದಕ್ಕೆ ತಳ್ಳಲ್ಪಟ್ಟಿತು. ಒಂದು ಟವೆಲ್ಲು. ಸುರೇಂದ್ರಣ್ಣನದೇ ಮಂಕಿ ಕ್ಯಾಪು. ಕೊನೆಗೆ, ಇಸ್ತ್ರಿ ಹಾಕಿದ ಹಾಗೆ ಗರಿಗರಿಯಾಗಿ ಒಣಗಿ, ಕೋಲಿನ ಹಾಗೆ ನಿಂತ ನನ್ನ ಜೀನ್ಸ್. ಮೊನ್ನೆ ಒಣಗಿದ್ದನ್ನು ತೆಗೆಯಲು ಮರೆತು ಆಗಲೇ ಎರಡು ದಿನವಾಗಿತ್ತು. ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬರದು ಒಣಗಿದರೆ ಇನ್ನೊಬ್ಬರದು ಒಳಗೆ ಹೋಗುತ್ತಲೇ ಇತ್ತೆಂದು ಆಗ ಗೊತ್ತಾಯಿತು. ಒಬ್ಬರಿಗೂ ಅದರಲ್ಲಿ ಹೇಳುವಂಥದ್ದೇನೂ ಕಂಡಿರಲಿಲ್ಲ. ಬಟ್ಟೆಯ ನೀರು ಆವಿಯಾಗಲು ಬೇಕಾದ ಶಾಖವನ್ನು ನಾನು ಗೋಡೆಯ ತಲೆಗೆ ಕಟ್ಟಿದ್ದೆ.

ರಾಶಿಯ ತಳದಲ್ಲಿ ಒಂದು ಹಸಿರು ದುಪಟ್ಟಾ ಇತ್ತು.

"ಹಾಂ!" ಎಂದೆ. ಆ ಹಾಂ-ನಲ್ಲಿ ನನ್ನ ಪ್ರಾಣವೆಲ್ಲ ಇತ್ತು. "ಇದು ಯಾರ್ದು?"

"ನಂದೇ" ಎಂದು ರಕ್ಷಿತಾ ನಗತೊಡಗಿದಳು. ಅಷ್ಟರಲ್ಲಿ ಶಾರದಕ್ಕ ಮನೆಯ ಬಾಗಿಲಿನಿಂದಲೇ ಕೂಗಿದರು. "ಅದನ್ನ ನಾನು ಹಾಕಿದ್ದು ಮಾರಾಯ! ಪಾಪ ಹುಡುಗಿ ಒದ್ದೆಯಲ್ಲೇ ಕೂತಿತ್ತು. ಅದಕ್ಕೆ ಹೇಳ್ಲೂ ಇಲ್ಲ."

ನೋಡಿ, ತಪ್ಪು ಮಾಡಿದವರ ಸಾಲಿನಲ್ಲಿ ನಿಂತಾಗಲೂ ಅವಳ ಕೈ ಸ್ವಚ್ಛ.

ಪೆಟ್ಟಿಗೆ ಪೂರಾ ಖಾಲಿ ಮಾಡಿ, ಹಿಂಬಾಗಿಲಿಗೆ ತಂತಿ ಕಟ್ಟಿ, ಮತ್ತೆ ಅಳೆದರು. ಅವಳ ಲೆಕ್ಕಕ್ಕೂ ಥರ್ಮಾಮೀಟರಿಗೂ ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ನನ್ನದು ಮೂಲೆಯಲ್ಲಿ ಬಿರುಗಾಳಿಯ ಜೊತೆ ಉಳಿಯಿತು. ಹಳೇ ಪೆಟ್ಟಿಗೆಯ ನಿಜವಾದ ರೋಗ ಆಗ ಕಂಡಿತು: ಬಿಸಿಗಾಳಿ ಹಿಂಭಾಗದಿಂದ ಸೀದಾ ಏರಿ ಮೇಲಿನ ಕಿಂಡಿಯಿಂದ ಹೊರಗೆ ಓಡಿಹೋಗುತ್ತಿತ್ತು, ಟ್ರೇಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ರಕ್ಷಿತಾಳ ಡಿಸೈನಿನಲ್ಲಿ ಪ್ರತಿ ಟ್ರೇಯ ಹತ್ತಿರ ಒಂದೊಂದು ಓರೆ ತಗಡು, ಗಾಳಿಯನ್ನು ಒಳಗೆ ತಿರುಗಿಸಲಿಕ್ಕೆ. ಸ್ವೆಟರ್ ಹಾಕಿದ್ದರೆ ಕೆರೆಕಟ್ಟೆಗೆ ಹೋಗುತ್ತಿದ್ದದ್ದು ಅದೇ ಬೂಸ್ಲಿನ ಪೆಟ್ಟಿಗೆ, ಸ್ವಲ್ಪ ಬೆಚ್ಚಗೆ.

ನೆಲದ ಮೇಲಿನ ನನ್ನ ಗೆರೆಗಳನ್ನು ಒರೆಸಲು ಒದ್ದೆ ಗೋಣಿ ಬೇಕಾಯಿತು. ಒರೆಸಿದವನು ನಾನೇ, ರಾಜು ಒರೆಸಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಅದೇ ಜಾಗದಲ್ಲಿ ಅವಳ ಗೆರೆ ಬಂತು. ಅವಳು ಒಳಗೆ ನಿಂತು ಮೆಲ್ಲಗೆ "ಸರಿ ಉಂಟು" ಎಂದಳು, ಸೊಂಟಕ್ಕೆ ಕೈಕೊಡಲಿಲ್ಲ, ಫೋಟೋ ತೆಗೆಸಲಿಲ್ಲ. ಸ್ಟೇಟಸ್ಸಿನಿಂದ ನನ್ನ ಫೋಟೋ ತೆಗೆದೆ. ಅಷ್ಟರಲ್ಲಿ ಅದನ್ನು ಕಾಲೇಜಿನ ನಮ್ಮ ಗೈಡ್ ಕೂಡ ನೋಡಿ, ಫೋನ್ ಮಾಡಿ ಅಭಿನಂದಿಸಿದ್ದರು. "ನಿಮ್ದು ಬೇಸಿಕ್ಸ್ ವೀಕು ಅಂದ್ಕೊಂಡಿದ್ದೆ ಕಣ್ರೀ" ಎಂದಿದ್ದರು. ಅವರ ದನಿಯನ್ನು ನಾನು ಬಹಳ ಚೆನ್ನಾಗಿ ತೆಗೆಯುತ್ತೇನೆ, ಆದರೆ ಆ ವಾಕ್ಯ ಮಾತ್ರ ಯಾರಿಗೂ ಮಾಡಿ ತೋರಿಸಿಲ್ಲ.

ಡ್ರೈಯರು ಪಿಕಪ್ ಏರಿ ಕೆರೆಕಟ್ಟೆಗೆ ಹೊರಟ ದಿನ ನಾನೂ ಹೋದೆ. ಹೋಗುವ ಅಗತ್ಯವಿರಲಿಲ್ಲ. ಅವಳ ಡ್ರೈಯರು ಕೆಲಸ ಮಾಡದಿದ್ದರೆ ಅದನ್ನು ಕಣ್ಣಾರೆ ನೋಡಬೇಕಿತ್ತು, ಬರೆದೇ ಬಿಡುತ್ತೇನೆ. ನೆಮ್ಮಾರ್ ದಾಟಿದ ಮೇಲೆ ಮಂಜು ರಸ್ತೆಗೇ ಇಳಿದಿತ್ತು. ಸಂಘದ ಹೆಂಗಸರು ಶಾಲೆಯ ಪಕ್ಕದ ಚಪ್ಪರದಲ್ಲಿ ಬುಟ್ಟಿ ಬುಟ್ಟಿ ಉಪ್ಪಾಗೆ ಸೀಳಿ ಬೀಜ ತೆಗೆದು ಕಾಯುತ್ತಿದ್ದರು. ಕೆಲವು ಬುಟ್ಟಿಗಳ ತಳದಲ್ಲಿ ಸಿಪ್ಪೆ ಆಗಲೇ ಮೆತ್ತಗಾಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ತೋಡಿಗೆ ಸುರಿಯಬೇಕಿತ್ತು. ಇಬ್ಬರು ಬಂದಿರಲಿಲ್ಲ, ತಮ್ಮ ಪಾಲನ್ನು ಮನೆಯ ಅಟ್ಟಕ್ಕೆ ಹಾಕಿಕೊಂಡರಂತೆ. ಗಿರಿಜಕ್ಕ ಅವರ ಹೆಸರು ಹೇಳದೆ ಅವರ ಖಾಲಿ ಬುಟ್ಟಿಗಳನ್ನು ಕಾಲಿನಿಂದ ಸರಿಸಿದರು.

ಟ್ರೇಗಳು ತುಂಬಿದವು, ಬೆಂಕಿ ಬಿತ್ತು. ಎಲ್ಲರೂ ರಕ್ಷಿತಾಳನ್ನು ಸುತ್ತುವರಿದಿದ್ದರು. "ಇದನ್ನೆಲ್ಲ ನೀನೇ ಕಂಪ್ಯೂಟರಿನಲ್ಲಿ ನೋಡಿದ್ದಾ ತಂಗಿ?" "ಒಳಗೆ ಹೋಗ್ದೆ ಒಳಗಿನ ಬಿಸಿ ಹ್ಯಾಗೆ ಗೊತ್ತಾಗ್ತದೆ?" ಅವಳು ಹೇಳಲು ಹೊರಟು ತಡವರಿಸಿದಳು. ನನ್ನ ಬಾಯಿಯಲ್ಲಿ "ಎಂತ ಮಾರಾಯ, ನಿಂಗೆಷ್ಟು?" ಸಿದ್ಧವಾಗಿತ್ತು, ಒಂದೇ ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ನುಂಗಿಕೊಂಡೆ. ಅವಳ ಡ್ರೈಯರಿಗೆ ನಾನೇಕೆ ಹಾಡು ಕಟ್ಟಲಿ?

ಮಧ್ಯಾಹ್ನ ದಾಟಿದ ಮೇಲೆ ಕೆಳಗಿನ, ನಡುವಿನ ಟ್ರೇಗಳನ್ನು ಎಳೆದು ನೋಡಿದರು. ಸಿಪ್ಪೆಗಳು ಮುದುರಿ ಕಂದಾಗುತ್ತಿದ್ದವು, ಸುಟ್ಟಿರಲಿಲ್ಲ. ಒಬ್ಬಾಕೆ ಒಂದನ್ನು ಎತ್ತಿ ಮೂಸಿ ಪಕ್ಕದವಳ ಮೂಗಿಗೆ ಹಿಡಿದಳು. "ಹೊಗೆಯೇ ಇಲ್ವಲ್ಲೇ!" ಆ ಮುಖಗಳನ್ನು ನೋಡಿದರೆ ಯಾರಿಗಾದರೂ ಖುಷಿಯಾಗಬೇಕು. ನಾನು ಮೇಲಿನ ಟ್ರೇ ಎಳೆದೆ. ಅಲ್ಲಿ ಸಿಪ್ಪೆ ಇನ್ನೂ ಹಳದಿ, ಮುಟ್ಟಿದರೆ ತಂಪು. ನನಗೆ ಖುಷಿಯಾಯಿತು.

"ಇಲ್ಲಿ ಒಣಗಿಲ್ಲ" ಎಂದೆ, ಅಗತ್ಯಕ್ಕಿಂತ ಜೋರಾಗಿ.

"ಒಣಗಲ್ಲ" ಎಂದಳು ರಕ್ಷಿತಾ. "ಕಾಯಿ ಒದ್ದೆ ಇರೋತನಕ ಕೆಳಗಿನವು ಬಿಸಿ ಹೀರ್ಕೊಳ್ತವೆ, ಮೇಲೆ ಹೋಗೋ ಗಾಳಿ ತಣ್ಣಗಾಗಿರ್ತದೆ. ಮೊನ್ನೆ ಲೆಕ್ಕಕ್ಕೆ ಅದನ್ನೂ ಸೇರಿಸಿ ಓಡಿಸ್ದೆ. ಈಗ ಒಂದು ಸಲ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಮಾಡಿದ್ರೆ ಸಂಜೆಗೆ ಎಲ್ಲ ಸಮ ಆಗ್ತದೆ."

ಹೆಂಗಸರು ಎದ್ದರು. ಟ್ರೇಗಳು ಭಾರ, ಒಂದಕ್ಕೆ ಇಬ್ಬರು ಬೇಕು. ಗಿರಿಜಕ್ಕ ಮೇಲಿನ ಟ್ರೇಯ ಒಂದು ತುದಿ ಹಿಡಿದು ಎಳೆಯುತ್ತಿದ್ದರು, ಇನ್ನೊಂದು ತುದಿಗೆ ಯಾರೂ ಬಂದಿರಲಿಲ್ಲ. ನಾನು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದೆ.

"ಈ ಬದಲಾಯಿಸೋ ರಗಳೆ ಎಂತಕ್ಕೆ ಗಿರಿಜಕ್ಕ?" ಎಂದೆ. "ನನ್ನ ಡಿಸೈನ್ ಆಗಿದ್ರೆ ಇಷ್ಟೊತ್ತಿಗೆ ಎಲ್ಲ ಒಟ್ಟಿಗೇ ಒಣಗಿರ್ತಿತ್ತು."

ಗಿರಿಜಕ್ಕ ಟ್ರೇ ಬಿಡದೆ ಕತ್ತು ಮಾತ್ರ ಈ ಕಡೆ ತಿರುಗಿಸಿದರು.

"ನಿಂದು ಕಂಪ್ಯೂಟರಿನಲ್ಲಿ ಒಣಗ್ತಾ ಇರ್ಲಿ ಮಾರಾಯ. ನಮ್ದು ಇಲ್ಲಿ ಹಸಿ ಇದೆ, ಆ ತುದಿ ಹಿಡಿ."